ಸಹಾಯ ಬೇಕು: ಪಳೆಯುಳಿಕೆ ಡೈನೋಫ್ಲಾಜೆಲೇಟ್ ಸಿಸ್ಟ್ ಒಂದರ ಕುಲ ನಿರ್ಧರಿಸಲು

ಮಾನ್ಯ ಸದಸ್ಯರಿಗೆ ನಮಸ್ಕಾರ. ಕಾರವಾರದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿರುವ ನಾನು, ತಮಿಳುನಾಡಿನ ಅರಿಯಲೂರಿನ ಕ್ರಿಟೇಶಿಯಸ್ ಕಾಲದ ಜೇಡಿಶಿಲೆಯಿಂದ ತಯಾರಿಸಿದ ಸ್ಲೈಡಿನಲ್ಲಿ ಕಂಡ ಡೈನೋಫ್ಲಾಜೆಲೇಟ್ ಸಿಸ್ಟ್ (ನೀರಿನಲ್ಲಿ ಬದುಕುವ ಏಕಕೋಶ ಜೀವಿಯೊಂದರ ಗಟ್ಟಿ ರಕ್ಷಾಕೋಶ) ಸ್ಪಿನಿಫೆರೈಟಿಸ್ ಕುಲಕ್ಕೆ ಸೇರುತ್ತದೆಯೋ ಅಕೋಮೋಸ್ಫೇರಾ ಕುಲಕ್ಕೋ ಎಂಬುದನ್ನು ನಿರ್ಧರಿಸಲು ತಿಳಿದವರ ನೆರವು ಕೋರುತ್ತೇನೆ. (ನಮ್ಮ ಕರಾವಳಿಯ ಗ್ರಾನೈಟ್, ನೈಸ್ ಶಿಲೆಗಳು ಇಂಥ ಜೀವಿಗಳಿಗಿಂತ ಬಹಳ ಹಳೆಯವು, ಅವುಗಳಲ್ಲಿ ಹುಡುಕುವುದು ವ್ಯರ್ಥ.)

ಸಿಸ್ಟಿನ ದೇಹ ಹೆಚ್ಚುಕಡಿಮೆ ಗುಂಡಗಿದ್ದು, ಅಡ್ಡಳತೆ ಸುಮಾರು 40 ಮೈಕ್ರೋಮೀಟರ್ ಇದೆ. ಮೂರು ಫಲಕಗಳು (ಜೀವಿಯ ಕವಚದ ತುಂಡುಗಳ ಗುರುತುಗಳು) ಕೂಡುವ ಮೂಲೆಗಳಿಂದ ಎದ್ದ ಮುಳ್ಳುಗಳು ತುದಿಯಲ್ಲಿ ಮೂರಾಗಿ ಕವಲೊಡೆದು, ಪ್ರತಿ ಕವಲೂ ಮತ್ತೆ ಎರಡಾಗಿ ಸೀಳಿದೆ. ಬೆನ್ನಿನ ಭಾಗದಲ್ಲಿ, ನಡುಪಟ್ಟಿಗೆ (ದೇಹದ ನಡುವನ್ನು ಸುತ್ತುವ ಅಡ್ಡಪಟ್ಟಿಗೆ) ತುಸು ಮೇಲೆ, ಒಂದೇ ಫಲಕ ಕಳಚಿಬಿದ್ದ ಕಿಂಡಿಯಿದೆ. ಜೀವಕೋಶ ಹೊರಬಂದ ಇಂಥ ಕಿಂಡಿಯನ್ನು, ಅಂದರೆ ಆರ್ಕಿಯೋಪೈಲನ್ನು, ಫಲಕಗಳ ಗುರುತುಗಳೊಂದಿಗೆ ಆಧಾರವಾಗಿಟ್ಟುಕೊಂಡೇ 1961ರಲ್ಲಿ ಪಳೆಯುಳಿಕೆ ತಜ್ಞ ವಿಲಿಯಂ ಎವಿಟ್ ಅವರು, ಹಿಸ್ಟ್ರಿಕೋಸ್ಫಿಯರ್ ಎನ್ನಲಾಗುತ್ತಿದ್ದ ಬಹಳಷ್ಟು ಮುಳ್ಳುಗೋಳಗಳು ಡೈನೋಫ್ಲಾಜೆಲೇಟ್ ಸಿಸ್ಟ್‌ಗಳೆಂದು ತೋರಿಸಿದ್ದು. ಕಿಂಡಿ ಮತ್ತು ಮುಳ್ಳುಗಳ ಈ ರೀತಿಯಿಂದಾಗಿ ಇದು ಡೈನೋಫ್ಲಾಜೆಲೇಟ್‌ಗಳ ಗೋನಿಯಾಲಕೇಸೀ ಕುಟುಂಬದ್ದು ಎಂಬ ಬಗ್ಗೆ ನನಗೆ ಸಂದೇಹವಿಲ್ಲ.

ತೊಡಕಿರುವುದು ಏಣುಗಳಲ್ಲಿ, ಅಂದರೆ ಉಬ್ಬುಗೆರೆಗಳಲ್ಲಿ. ಮುಳ್ಳಿನಿಂದ ಮುಳ್ಳಿಗೆ ಫಲಕಗಳ ಅಂಚಿನುದ್ದಕ್ಕೂ ಏಣು ಹಾದಿದ್ದರೆ ಸ್ಪಿನಿಫೆರೈಟಿಸ್, ಇಲ್ಲದಿದ್ದರೆ ಅಕೋಮೋಸ್ಫೇರಾ. ನನ್ನ ಮಾದರಿಯಲ್ಲಿ ಫೋಕಸ್ ಮೇಲೆ ಕೆಳಗೆ ಮಾಡಿದಾಗ ನಡುಪಟ್ಟಿಯ ಹತ್ತಿರ ಮಾತ್ರ ತೆಳ್ಳನೆಯ ಗೆರೆಯೊಂದು ಮೂಡಿ ಮರೆಯಾಗುತ್ತದೆ. ಅದು ನಿಜವಾದ ಏಣೋ, ಹೊರಪದರ ಮಡಚಿಕೊಂಡದ್ದೋ?

ಚಿತ್ರಗಳನ್ನು ಕೆಳಗೆ ಹಾಕಿದ್ದೇನೆ. ಕಾರವಾರ, ಕುಮಟಾ ಅಥವಾ ಶಿರಸಿಯಲ್ಲಿ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ ಇರುವವರು ಒಮ್ಮೆ ಬಳಸಲು ಅವಕಾಶ ಮಾಡಿಕೊಟ್ಟರೆ ಸ್ಲೈಡನ್ನು ನಾನೇ ತರುತ್ತೇನೆ.