ಊರುಗೋಲು: ಗಿಡಕ್ಕೂ ಸಲ್ಲುವ ಪದವೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿದೆ. ಕೇಳುವ ಮುಂಚೆ ನನಗೆ ತಿಳಿದಷ್ಟನ್ನು ಹೇಳಿಬಿಡುತ್ತೇನೆ. ತಪ್ಪಿದ್ದರೆ ದಯವಿಟ್ಟು ತಿದ್ದಿ.

ನಮ್ಮ ಬಡಾವಣೆಯಲ್ಲಿ ಕೈತೋಟದ ಹುಚ್ಚಿರುವ ಹತ್ತು ಹನ್ನೆರಡು ಮನೆಯವರು ಸೇರಿ, ಮಳೆಗಾಲದ ಹೂಗಿಡಗಳ ಬಗ್ಗೆ ನಾಲ್ಕು ಪುಟದ ಒಂದು ಕೈಪಿಡಿ ಮಾಡುತ್ತಿದ್ದೇವೆ. ಡೇರೆ ಹೂವಿನ, ಅಂದರೆ ಡೇಲಿಯಾದ ಭಾಗ ನನ್ನ ಪಾಲಿಗೆ ಬಂತು. ನಾನು ಸಾಗರದ ಕಡೆಯವಳು. ಅಲ್ಲಿ ಅಂಗಳದ ಅಂಚಿನಲ್ಲಿ ಡೇರೆ ಇಲ್ಲದ ಮನೆ ಹುಡುಕಬೇಕು. ಊರಿಗೆ ಹೋದ ಹೆಂಗಸರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಗೆಡ್ಡೆ ಒಯ್ಯುತ್ತಾರೆ. ಈಗ ಮೈಸೂರಿನಲ್ಲಿದ್ದರೂ ನನ್ನ ಹತ್ತಿರ ಇರುವುದು ಅಮ್ಮ ಕೊಟ್ಟ ಗೆಡ್ಡೆಯ ಸಂತಾನವೇ.

ಕೈಪಿಡಿಯಲ್ಲಿ ನಾನು ಬರೆದ ಸಾಲು ಇದು: "ಡೇರೆ ಗೆಡ್ಡೆ ನೆಡುವಾಗಲೇ ಪಕ್ಕದಲ್ಲಿ ಊರುಗೋಲು ಕೊಡಿ."

ಅದನ್ನು ಓದಿದ ಪಕ್ಕದ ಮನೆಯ ಹುಡುಗಿ ಕೇಳಿದಳು: "ಆಂಟಿ, ಊರುಗೋಲು ಅಂದ್ರೆ ತಾತಂದಿರು ಹಿಡ್ಕೊಂಡು ನಡೆಯೋದು ಅಲ್ವಾ? ಗಿಡ ಅದನ್ನ ಹೇಗೆ ಹಿಡ್ಕೊಳ್ಳುತ್ತೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಆ ಕ್ಷಣ ನನಗೆ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಕರಡು ತಿದ್ದುತ್ತಿದ್ದವರು ಅದನ್ನು ಅಳಿಸಿ "ಆಧಾರಕೋಲು" ಎಂದು ಹಾಕಿದರು. ಇನ್ನೊಬ್ಬರು "ಸ್ಟೇಕಿಂಗ್ ಮಾಡಿ" ಎಂದರೆ ಎಲ್ಲರಿಗೂ ತಿಳಿಯುತ್ತೆ ಎಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಒಂದು ವಾರದಿಂದ ಇದೇ ಯೋಚನೆ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಡೇರೆಯ ಮೂಲ ಮೆಕ್ಸಿಕೋ. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ನೆನಪಿಗೆ 1791ರಲ್ಲಿ ಮ್ಯಾಡ್ರಿಡ್‌ನ ಕವಾನಿಲ್ಲೆಸ್ ಎಂಬ ಸಸ್ಯವಿಜ್ಞಾನಿ ಇಟ್ಟ ಹೆಸರು ಡಾಲಿಯಾ. ಅದು ಮಲೆನಾಡಿನ ಬಾಯಲ್ಲಿ ಸವೆದು ಡೇರೆ ಆಯಿತು. ಗುಡಾರ ಎಂಬ ಅರ್ಥದ ಡೇರೆಯೇ ಬೇರೆ, ಅದು ಹಿಂದಿಯ ಕಡೆಯಿಂದ ಬಂದದ್ದು. ಮೈಸೂರಿನಲ್ಲಿ "ಡೇರೆ ಹಾಕಿದ್ದೇನೆ" ಅಂದರೆ ಜನ ನನ್ನ ಮುಖ ನೋಡುತ್ತಾರೆ!

ಈ ಗಿಡ ಮೂರು ನಾಲ್ಕು ಅಡಿ, ಕೆಲವು ತಳಿ ಐದು ಅಡಿಯೂ ಏಳುತ್ತದೆ. ಕಾಂಡದ ಒಳಗೆ ಟೊಳ್ಳು. ತುದಿಯಲ್ಲಿ ಅಂಗೈಗಿಂತ ದೊಡ್ಡ ಹೂವು, ಅದರಲ್ಲಿ ಪದರ ಪದರ ಎಸಳು. ಆಷಾಢ ಶ್ರಾವಣದ ಮಳೆ ಆ ಎಸಳುಗಳ ಒಳಗೆ ನಿಂತುಬಿಡುತ್ತದೆ. ರಾತ್ರಿ ನೆಟ್ಟಗಿದ್ದ ಗಿಡ ಬೆಳಿಗ್ಗೆ ನೋಡಿದರೆ ಮಣ್ಣಿನ ಮೇಲೆ. "ಬಳ್ಳಿಗೆ ಕಾಯಿ ಭಾರವೇ" ಎಂಬ ಗಾದೆ ಇದೆಯಲ್ಲ, ಡೇರೆಗೆ ಅದು ಹೊಂದುವುದಿಲ್ಲ. ಅದಕ್ಕೆ ಅದರ ಹೂವೇ ಭಾರ. ಹಾಗಾಗಿ ಕೋಲು ಬೇಕೇ ಬೇಕು. ಅದೂ ಗೆಡ್ಡೆ ನೆಡುವಾಗಲೇ. ಒಂದು ವರ್ಷ ನಾನು ಗಿಡ ಎದ್ದ ಮೇಲೆ ಕೋಲು ಚುಚ್ಚಲು ಹೋಗಿ ಒಳಗಿದ್ದ ಗೆಡ್ಡೆಯನ್ನೇ ಸೀಳಿದೆ. ಸೀಳಿದಲ್ಲಿ ನೀರು ಸೇರಿ ಕೊಳೆತು ಹೋಯಿತು. ಹಳದಿ ಬಣ್ಣದ ತಳಿ, ಮತ್ತೆ ಸಿಗಲಿಲ್ಲ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಈಗ ಪದಕ್ಕೆ ಬರುತ್ತೇನೆ.

ಊರುಗೋಲಿನಲ್ಲಿ ಇರುವುದು "ಊರು" ಎಂಬ ಕ್ರಿಯಾಪದ. ನಾವು ಹುಟ್ಟಿ ಬೆಳೆದ ಊರಿಗೂ ಇದಕ್ಕೂ ನಂಟಿಲ್ಲ. ಹಳಗನ್ನಡದಲ್ಲಿ ಬರಹವೇ ಬೇರೆ ಇತ್ತು. ಹಳ್ಳಿಯ ಊರಿಗೆ ಸಾದಾ ರ, ಈ ಊರಿಗೆ ಶಕಟರೇಫ ಎಂಬ ಹಳೆಯ ಅಕ್ಷರ ಱ: ಊಱು. ಶಕಟರೇಫ ಬಿಟ್ಟುಹೋದ ಮೇಲೆ ಎರಡೂ ಒಂದೇ ಥರ ಕಾಣತೊಡಗಿದವು.

ಈ ಊರು ಏನು ಹೇಳುತ್ತದೆ? ಕಾಲೂರು, ಮಂಡಿಯೂರು, ತಳವೂರು, ಬೇರೂರು. ಎಲ್ಲದರಲ್ಲೂ ಒಂದೇ ಕೆಲಸ: ಒಂದನ್ನು ನೆಲಕ್ಕೆ ಒತ್ತಿ ಗಟ್ಟಿಯಾಗಿ ನಿಲ್ಲಿಸುವುದು. ಬೇರೂರು ಎನ್ನುವುದಂತೂ ಗಿಡದ್ದೇ ಮಾತು. ನಮ್ಮ ಕಡೆ ಬೆರಳಿನಿಂದ ಗುಳಿ ಮಾಡಿ ಕಾಳು ಹಾಕುವುದಕ್ಕೂ "ಕಾಳು ಊರೋದು" ಎನ್ನುತ್ತಾರೆ. ಅಂದಮೇಲೆ ಊರು ಎಂಬುದು ಮೊದಲಿನಿಂದಲೂ ಮಣ್ಣಿನ ಮಾತು. ತಾತನ ಕೈಗೆ ಅದು ಆಮೇಲೆ ಬಂದಿರಬಹುದು ಅಥವಾ ಜೊತೆಗೇ ಬಂದಿರಬಹುದು. ಹೇಗಿದ್ದರೂ ಮಣ್ಣಿನ ಹಕ್ಕು ಕಡಿಮೆಯೇನಲ್ಲ.

ಇನ್ನು ಸಮಾಸ. ಹುಡುಗಿಯ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ. ಕನ್ನಡದಲ್ಲಿ ಧಾತುವಿನ ಮುಂದೆ ಕೋಲು, ಕಲ್ಲು ಮುಂತಾದ ನಾಮಪದ ಸೇರಿಸಿದಾಗ ಅದು ಎರಡು ಬಗೆಯಲ್ಲಿ ಅರ್ಥ ಕೊಡುತ್ತದೆ. ಬೀಸುಗಲ್ಲು ನೋಡಿ. ಬೀಸುವುದಕ್ಕೆ ಬಳಸುವ ಕಲ್ಲು. ಬೀಸಿಸಿಕೊಳ್ಳುವುದು ರಾಗಿ, ಕಲ್ಲಲ್ಲ. ಕಡೆಗೋಲೂ ಹಾಗೆಯೇ, ಅದರಿಂದ ಮೊಸರು ಕಡೆಯುತ್ತೇವೆ. ಆದರೆ ಹಾಸುಗಲ್ಲು? ಅಲ್ಲಿ ಕಲ್ಲನ್ನೇ ಹಾಸುತ್ತೇವೆ. ಕಲ್ಲಿನಿಂದ ಬೇರೆ ಏನನ್ನೋ ಹಾಸುವುದಿಲ್ಲ.

ಊರುಗೋಲನ್ನೂ ಹೀಗೆ ಎರಡು ಥರ ಬಿಡಿಸಬಹುದು ಅಲ್ವಾ? ತಾತನ ಊರುಗೋಲು ಬೀಸುಗಲ್ಲಿನ ಜಾತಿ. ಅದನ್ನು ಹಿಡಿದು ಭಾರ ಊರುತ್ತಾರೆ. ಗಿಡದ ಊರುಗೋಲು ಹಾಸುಗಲ್ಲಿನ ಜಾತಿ. ಮಣ್ಣಿನಲ್ಲಿ ಊರಿದ ಕೋಲು. ಹಾಗಾದರೆ ಗಿಡ ಅದನ್ನು ಹಿಡಿದುಕೊಳ್ಳಬೇಕಾಗಿಯೇ ಇಲ್ಲ. ಊರಿದವರು ನಾವು.

ನನಗೆ ಇದು ತುಂಬ ಖುಷಿ ಕೊಟ್ಟಿತು. ಆದರೆ ನಾನೇ ಕಟ್ಟಿಕೊಂಡ ವಾದವೋ ಏನೋ ಎಂದು ಅಕ್ಕಪಕ್ಕದ ಭಾಷೆಗಳನ್ನೂ ನೋಡಿದೆ.

ತಮಿಳಿನಲ್ಲಿ ಇದು ಊನ್ಱು. ಅವರ ಊನ್ಱುಕೋಲ್ ನಮ್ಮ ಊರುಗೋಲೇ. ಮಲಯಾಳದಲ್ಲಿ ಊನ್ನು. ಮೂರು ಎಂಬ ಎಣಿಕೆಪದವನ್ನು ಪಕ್ಕದಲ್ಲಿಟ್ಟು ನೋಡಿ. ತಮಿಳು ಮೂನ್ಱು, ಮಲಯಾಳ ಮೂನ್ನು, ಹಳಗನ್ನಡ ಮೂಱು. ಹಾಗೆಯೇ ಊನ್ಱು, ಊನ್ನು, ಊಱು. ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದೆ. ಮುಖ್ಯವಾದ ಮಾತೆಂದರೆ, ಮಲಯಾಳದಲ್ಲಿ ಬಾಳೆಗೆ ಕೊಡುವ ಆಸರೆಯ ಕೋಲಿಗೆ ಇವತ್ತಿಗೂ "ಊನ್ನು" ಎಂದೇ ಹೆಸರು. ಗೊನೆ ಬಂದಾಗ ಬಾಳೆಗೆ ಊನ್ನು ಕೊಡುತ್ತಾರೆ. ಮುದುಕರು ಹಿಡಿಯುವುದು ಊನ್ನುವಡಿ. ಎರಡೂ ಬಳಕೆ ಜಗಳವಿಲ್ಲದೆ ಒಟ್ಟಿಗೆ ಬದುಕಿವೆ. ತೆಲುಗಿನಲ್ಲಿ ಆಸರೆಗೆ ಊತ, ಕೈಗೋಲಿಗೆ ಊತಕರ್ರ. ಕನ್ನಡದಲ್ಲಿ ಮಾತ್ರ ಊತ ಎಂದರೆ ಬಾವು, ಅದು ಊದು ಎಂಬುದರಿಂದ ಬಂದದ್ದು. ಹಾಗಾಗಿ ಆ ಪದ ನಮಗೆ ಒದಗುವುದಿಲ್ಲ.

ಹೀಗೆ ನೋಡಿದರೆ ಊರುಗೋಲು ಗಿಡಕ್ಕೆ ಹೊಂದುವ ಪದ ಎಂದೇ ನನ್ನ ನಂಬಿಕೆ. ಬಾಳೆಗೆ ಊರುಗೋಲು ಕೊಡುವುದು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಡೇರೆಗೆ ಮಾತ್ರ ಅಮ್ಮ ಸುಮ್ನೆ "ಕೋಲು" ಅನ್ನುತ್ತಿದ್ದಳು. "ಡೇರೆಗೆ ಕೋಲು ಕೊಟ್ಯಾ?" ಮಳೆ ಶುರುವಾದರೆ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಇದನ್ನೇ.

ಆ "ಕೊಡು" ಇದೆಯಲ್ಲ, ಅದನ್ನು ಬಿಡಬಾರದು. ನೀರು ಕೊಡು, ಗೊಬ್ಬರ ಕೊಡು, ಕೋಲು ಕೊಡು. ಗಿಡಕ್ಕೆ ಬೇಕಾದದ್ದನ್ನೆಲ್ಲ ನಾವು ಕೊಡುತ್ತೇವೆ, ಮನೆಯ ಮಕ್ಕಳಿಗೆ ಕೊಟ್ಟ ಹಾಗೆ. "ಸ್ಟೇಕಿಂಗ್ ಮಾಡಿ" ಎನ್ನುವಾಗ ಗಿಡವೇ ಮಾತಿನಿಂದ ಆಚೆ ಹೋಗುತ್ತದೆ. "ಡೇರೆಗೆ" ಎನ್ನುವಾಗಿನ ಆ ಗೆ ಪ್ರತ್ಯಯ ಉಳಿಯಲಿ ಎಂಬುದು ನನ್ನ ಆಸೆ.

ಆಧಾರಕೋಲು ತಪ್ಪೇನಲ್ಲ. ಕೃಷಿ ಪುಸ್ತಕಗಳ ಭಾಷೆ. ಅರ್ಥವೂ ಆಗುತ್ತದೆ. ಆದರೆ ಈಗ ಆಧಾರ ಎಂದರೆ ಜನರಿಗೆ ಮೊದಲು ಕಾರ್ಡೇ ನೆನಪಾಗುತ್ತದೆ. ಅಂಗಳದಲ್ಲಿ ನಿಂತು ಯಾರೂ "ಆಧಾರಕೋಲು ತಾ" ಅನ್ನುವುದಿಲ್ಲ. ಅದಕ್ಕಿಂತ ಆಸರೆ ಮೇಲು. ಅದೂ ಆಶ್ರಯದಿಂದಲೇ ಬಂದ ತದ್ಭವ, ಆದರೆ ನಮ್ಮ ಬಾಯಿಗೆ ಒಗ್ಗಿದೆ. ತೊಂದರೆ ಏನೆಂದರೆ ಆಸರೆ ಎಲ್ಲಕ್ಕೂ ಸಲ್ಲುತ್ತದೆ. ಮೆಣಸಿನ ಬಳ್ಳಿ ಹತ್ತುವ ಹಾಲುವಾಣದ ಮರವೂ ಆಸರೆ, ಗೋಡೆಯೂ ಆಸರೆ, ಮಗಳೂ ಆಸರೆ. ಏನು ಮಾಡಬೇಕೆಂದು ಅದು ಕೈಗೆ ಹೇಳುವುದಿಲ್ಲ.

ಗೂಟ ಎಂದರೂ ಸಾಲದು. ಗೂಟ ಗಿಡ್ಡ. ಹಸು ಕಟ್ಟುವುದು, ಗುಡಾರದ ಹಗ್ಗ ಬಿಗಿಯುವುದು. ಐದಡಿ ಗಿಡಕ್ಕೆ ಗೂಟ ಹೊಡೆದು ಏನು ಪ್ರಯೋಜನ?

ಕವೆ ಚೆಂದದ ಪದ. ನಮ್ಮ ಅತ್ತೆ ಮಂಡ್ಯದ ಕಡೆಯವರು. ಬಾಳೆ ಗೊನೆ ಬಾಗಿದರೆ "ಒಂದು ಕವೆ ಕೊಡು" ಅನ್ನುತ್ತಾರೆ. ತುದಿಯಲ್ಲಿ ಕವಲೊಡೆದ ಕೋಲು. ಆ ಕವಲಿನಲ್ಲಿ ಬಾಳೆಯ ಕುತ್ತಿಗೆ ಕೂರಿಸಿ, ಓರೆಯಾಗಿ ನೆಲಕ್ಕೆ ಒತ್ತುತ್ತಾರೆ. ಕವೆ ಹೊರಗಿನಿಂದ ಎತ್ತಿ ಹಿಡಿಯುತ್ತದೆ, ಕಟ್ಟಬೇಕಾಗಿಲ್ಲ. ಡೇರೆಯ ಟೊಳ್ಳು ಕಾಂಡ ಅದನ್ನು ತಡೆಯುವುದಿಲ್ಲ, ತಾಗಿದಲ್ಲೇ ಮುರಿಯುತ್ತದೆ. ಅದಕ್ಕೆ ಜೊತೆಗೆ ನಿಲ್ಲುವ ಕೋಲೇ ಬೇಕು.

ಧಾರವಾಡದ ಗೆಳತಿಯನ್ನು ಕೇಳಿದೆ. "ಒಂದ್ ಬಡಿಗಿ ಹುಗದು ಕಟ್ರಿ, ನಿಂದರತೈತಿ" ಅಂದಳು. ಅಲ್ಲಿ ಬಳ್ಳಿಗೆ ಹಾಕುವುದು ಹಂದರ, ಮೈಸೂರಿನಲ್ಲಿ ಚಪ್ಪರ. ಹಂದರ ಎಂಬುದು ಹಳಗನ್ನಡದ ಪಂದರ್, ತಮಿಳಿನ ಪಂದಲ್ ಜೊತೆಯದು. ಮದುವೆಗೂ ಅದೇ ಹಂದರ, ಹೀರೆ ಬಳ್ಳಿಗೂ ಅದೇ. ಆದರೆ ಡೇರೆ ಬಳ್ಳಿಯಲ್ಲ, ಹಬ್ಬುವುದಿಲ್ಲ, ಹತ್ತುವುದೂ ಇಲ್ಲ. ಹಾಗಾಗಿ ಹಂದರದ ಮಾತು ಇಲ್ಲಿಗೆ ಸಾಕು. ಕರಾವಳಿಯ ಕೆಲವರು "ತಾಂಗು" ಎಂದದ್ದನ್ನು ಕೇಳಿದ್ದೇನೆ. ಆ ಕಡೆಯವರು ಯಾರಾದರೂ ಇದ್ದರೆ ಬಾಳೆ ಬಿಟ್ಟು ಹೂಗಿಡಕ್ಕೂ ಹಾಗೆ ಅನ್ನುತ್ತೀರಾ ಎಂದು ತಿಳಿಸಿ.

ಕೋಲಿನ ಪದ ಹೀಗೆ ಒಂದು ದಡ ಸೇರಿತು. ಕಟ್ಟುವುದಕ್ಕೆ ಬಂದಾಗ ಇನ್ನೊಂದು ತೊಡಕು ಎದುರಾಯಿತು.

ಕಾಂಡವನ್ನೂ ಕೋಲನ್ನೂ ಒಟ್ಟಿಗೆ ಸೇರಿಸಿ ಬಿಗಿದರೆ ಗಾಳಿಗೆ ಉಜ್ಜಿ ಕಾಂಡ ಗಾಯವಾಗುತ್ತದೆ. ಅದಕ್ಕೆ ದಾರವನ್ನು ಕೋಲಿಗೆ ಒಂದು ಸುತ್ತು ತಂದು, ನಡುವೆ ಒಂದರ ಮೇಲೊಂದು ದಾಟಿಸಿ, ಆಮೇಲೆ ಕಾಂಡದ ಸುತ್ತ ಸಡಿಲವಾಗಿ ತರಬೇಕು. ನಡುವಿನ ಆ ದಾಟು ಮೆತ್ತೆಯ ಹಾಗೆ ಕೆಲಸ ಮಾಡುತ್ತದೆ. ಅಮ್ಮ ಇದಕ್ಕೆ ಒದ್ದೆ ಮಾಡಿದ ಬಾಳೆ ನಾರನ್ನೇ ಬಳಸುತ್ತಿದ್ದಳು. ನಾನು ಹಳೆಯ ಹತ್ತಿ ಸೀರೆಯ ಅಂಚು ಹರಿದುಕೊಳ್ಳುತ್ತೇನೆ.

ಇದನ್ನು ಕೈಪಿಡಿಯಲ್ಲಿ "ಎಂಟರ ಆಕಾರದಲ್ಲಿ ಕಟ್ಟಿ" ಎಂದು ಬರೆದಿದ್ದರು. ಇಂಗ್ಲಿಷಿನ 8ಕ್ಕೆ ಅದು ಸರಿ. ಕನ್ನಡದ ೮ ಬರೆದು ನೋಡಿ. ಅದರಲ್ಲಿ ಎರಡು ಕುಣಿಕೆಯೂ ಇಲ್ಲ, ನಡುವೆ ದಾಟುವ ಗೆರೆಯೂ ಇಲ್ಲ. ಕನ್ನಡ ಅಂಕಿಯಲ್ಲೇ ಲೆಕ್ಕ ಬರೆಯುವ ನಮ್ಮ ಅತ್ತೆಗೆ ಆ ಸಾಲು ಓದಿಸಿದರೆ "ಹಂಗೆ ಕಟ್ಟಿದ್ರೆ ನಿಲ್ಲಾಕಿಲ್ಲ ಕಣವ್ವ" ಅಂದರು. ಅವರು ಹೇಳಿದ್ದು ಸರಿ. ಅದಕ್ಕೆ ನಾನು "ಕತ್ತರಿಸುತ್ತು" ಎಂಬ ಪದ ಹಾಕೋಣವೇ ಎಂದುಕೊಂಡೆ, ಎರಡು ಎಳೆ ದಾಟುವುದು ಕತ್ತರಿಯ ಹಾಗೆ ಕಾಣುತ್ತದಲ್ಲ ಎಂದು. ಆದರೆ ಒಟ್ಟಿಗೆ ಬರೆದಾಗ "ಕತ್ತರಿಸು" ಎಂದು ಓದಿಕೊಂಡು ಯಾರಾದರೂ ಗಿಡವನ್ನೇ ಕತ್ತರಿಸಿದರೆ ಕಷ್ಟ. ಬಿಡಿಸಿ "ಕತ್ತರಿ ಸುತ್ತು" ಎಂದು ಬರೆದರೆ ಸರಿಹೋದೀತು. ನೇಯುವವರು, ಬುಟ್ಟಿ ಹೆಣೆಯುವವರು, ಹೂ ಕಟ್ಟುವವರು ಈ ಸುತ್ತಿಗೆ ಒಂದು ಹೆಸರು ಇಟ್ಟೇ ಇರುತ್ತಾರೆ. ಅದು ಸಿಕ್ಕರೆ ನಾನು ಹೊಸದನ್ನು ಹೊಸೆಯುವ ಅಗತ್ಯವೇ ಇಲ್ಲ.

ಇನ್ನೊಂದು ಪದ ಬಾಕಿ ಇದೆ. ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಒಂದೇ ಗೆಡ್ಡೆಯಿಂದ ಐದಾರು ಕಾಂಡ ಎದ್ದರೆ ಒಂದು ಕೋಲು ಸಾಲದು. ಆಗ ಸುತ್ತ ನಾಲ್ಕು ಕೋಲು ಊರಿ, ಮೊಣಕಾಲೆತ್ತರಕ್ಕೆ ಒಂದು, ಸೊಂಟದೆತ್ತರಕ್ಕೆ ಒಂದು ಹಗ್ಗ ಸುತ್ತುತ್ತೇವೆ. ಗಿಡ ಅದರೊಳಗೆ ಯಾವ ಕಡೆ ವಾಲಿದರೂ ಹಗ್ಗಕ್ಕೆ ಆನಿಕೊಳ್ಳುತ್ತದೆ. ಸೇವಂತಿಗೆಯ ಮಡಿಗೂ ಹೀಗೇ ಮಾಡಬಹುದು. ಬೇಲಿ ಎನ್ನೋಣವೆಂದರೆ ಬೇಲಿ ಇರುವುದು ಹೊರಗಿನ ದನ ತಡೆಯಲು, ಒಳಗಿನದನ್ನು ಹಿಡಿಯಲು ಅಲ್ಲ. ಆನಿಕೆ ಎಂಬ ಒಳ್ಳೆಯ ಹಳೆಯ ಪದ ಇದೆ, ಆನು ಎಂಬುದರಿಂದ ಬಂದದ್ದು. ಗೋಡೆಗೆ ಏಣಿ ಆನಿಸುತ್ತೇವಲ್ಲ, ಅದೇ. ಆದರೆ ಅದು ಸುತ್ತನ್ನು ಹೇಳುವುದಿಲ್ಲ. ಕೊಡದ ಕೆಳಗಿಡುವ ಸಿಂಬೆ ದುಂಡಗಿದೆ, ಆದರೆ ಅದು ಅಡಿಯಲ್ಲಿರುವುದು. "ಬಳೆಗಟ್ಟು" ಎಂದು ಬರೆದಿಟ್ಟುಕೊಂಡಿದ್ದೇನೆ, ಮನಸ್ಸು ಪೂರ್ತಿ ಒಪ್ಪಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಕೇಳಿಕೆ ಮೂರು. ನಿಮ್ಮ ಕಡೆ ಹೂಗಿಡದ ಕೋಲಿಗೆ ಊರುಗೋಲು ಎನ್ನುತ್ತಾರೆಯೇ, ಬೇರೆ ಹೆಸರಿದೆಯೇ? ನಡುವೆ ದಾಟಿಸಿ ಕಟ್ಟುವ ಸುತ್ತಿಗೆ ಏನನ್ನುತ್ತಾರೆ? ನಾಲ್ಕು ಕೋಲಿಗೆ ಹಗ್ಗ ಸುತ್ತಿ ಗಿಡವನ್ನು ಒಳಗೆ ನಿಲ್ಲಿಸುವುದಕ್ಕೆ ನಿಮ್ಮ ಅಜ್ಜಿ, ಅಮ್ಮ, ತೋಟದ ಕೆಲಸದವರು ಏನು ಹೇಳುತ್ತಿದ್ದರು? ಊರು, ತಾಲ್ಲೂಕಿನ ಹೆಸರನ್ನೂ ಬರೆಯಿರಿ. ಒಬ್ಬರೇ ಹೇಳುವ ಪದವಾದರೂ ಪರವಾಗಿಲ್ಲ.

ಈ ವಾರದೊಳಗೆ ತಿಳಿಸಿದರೆ ಉಪಕಾರ. ಒಂದು ಸುತ್ತು ಮಳೆ ಆಗಲೇ ಬಂದು ಹೋಗಿದೆ, ಮರಳಿನಲ್ಲಿಟ್ಟ ಗೆಡ್ಡೆಗಳು ಕಣ್ಣು ಬಿಟ್ಟಿವೆ.