ಸ್ಪ್ರಿಂಗ್ ಏರ್‌ಗನ್: ಪೆಲೆಟ್ ಒಂದೇ ಆಳಕ್ಕೆ ಕೂರುವುದಿಲ್ಲ, ಗ್ರೂಪ್ ಉದ್ದಕ್ಕೆ ಎಳೀತದೆ

ಪ್ರಶ್ನೆ (ಸುರತ್ಕಲ್)
ಬ್ಯಾರೆಲ್ ಮಡಚುವ ಸ್ಪ್ರಿಂಗ್ ಏರ್‌ಗನ್, 4.5 ಮಿ.ಮೀ. ಪೆಲೆಟ್ (ಸೀಸದ ಸಣ್ಣ ಗುಂಡು) 0.53 ಗ್ರಾಂ, ಚಪ್ಪಟೆ ತಲೆಯದ್ದು. 10 ಮೀಟರಿನಲ್ಲಿ ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಗ್ರೂಪ್, ಅಂದರೆ ಬಿದ್ದ ತೂತುಗಳ ಗುಂಪು, ಅಡ್ಡಕ್ಕೆ 5 ಮಿ.ಮೀ. ಒಳಗೆ ಉಂಟು, ಉದ್ದಕ್ಕೆ (ಮೇಲೆ ಕೆಳಗೆ) 14. ಕೆಲವು ಪೆಲೆಟ್ ಮುಟ್ಟಿದ ಕೂಡಲೇ ಒಳಗೆ ಜಾರ್ತವೆ. ಕೆಲವು ಅಂಚು ಹೊರಗೇ ನಿಲ್ತವೆ, ಬ್ಯಾರೆಲ್ ಮುಚ್ಚುವಾಗ ಒತ್ತಿ ಕೂರ್ತವೆ. ಕೂರಿಸುವ ಕಡ್ಡಿ ಮಾಡಿಕೊಂಡರೆ ಸರಿಯಾದೀತಾ?

ಉತ್ತರ (ಮಣಿಪಾಲ)
ಸುಧಾರಿಸ್ತದೆ, ಆದರೆ 14 ಮಿ.ಮೀ. ಪೂರ್ತಿ ಅದರಿಂದ ಬಂದದ್ದಲ್ಲ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋಗುವ ಪೆಲೆಟ್ 10 ಮೀಟರ್ ದಾಟುವುದರೊಳಗೆ ಸುಮಾರು 17 ಮಿ.ಮೀ. ಇಳೀತದೆ. ವೇಗ 160ಕ್ಕೆ ಬಿದ್ದರೆ 19. ಅಂದರೆ ವೇಗ 10 ಕಮ್ಮಿಯಾದರೆ ವ್ಯತ್ಯಾಸ ಬರೀ 2 ಮಿ.ಮೀ. ಚಿಲ್ಲರೆ. ಉಳಿದದ್ದು ಬಂದೂಕಿನ ಒದೆತದ್ದು. ಪೆಲೆಟ್ ಬ್ಯಾರೆಲಿನಲ್ಲಿ ಇರುವಾಗಲೇ ಸ್ಪ್ರಿಂಗ್ ತಳ್ಳಿ ಗಾಳಿ ಒತ್ತುವ ಪಿಸ್ಟನ್ ಬಂದೂಕನ್ನು ಅಲುಗಿಸಿ ಆಗಿರ್ತದೆ. ಹಾಗಾಗಿ ಮರದ ಹಿಡಿಯನ್ನು ನೇರ ಚೀಲದ ಮೇಲೆ ಇಡಬೇಡಿ. ನಡುವೆ ಅಂಗೈ ಬಿಚ್ಚಿ ಇಡಿ, ಪ್ರತಿ ಸಲ ಅದೇ ಜಾಗದಲ್ಲಿ, ಬಿಗಿ ಹಿಡಿಯದೆ. ಅದಕ್ಕೂ ಮೊದಲು ಹಿಡಿಯ ಸ್ಕ್ರೂಗಳನ್ನು ಬಿಗಿ ಮಾಡಿ. ಮುಂದಿನ ಎರಡು ಸಡಿಲಾದರೆ ಬೇರೆ ಏನು ಮಾಡಿದರೂ ಪ್ರಯೋಜನ ಇಲ್ಲ.

ಉತ್ತರ (ಉಡುಪಿ)
ಅಂಚು ಹೊರಗೆ ನಿಂತ ಪೆಲೆಟನ್ನು ಬ್ಯಾರೆಲ್ ಮುಚ್ಚಿ ಕೂರಿಸುವುದು ಮಾತ್ರ ಬೇಡವೇ ಬೇಡ. ಅದರ ಲಂಗ, ಅಂದರೆ ಹಿಂದಿನ ತೆಳು ಅಂಚು, ಒಂದು ಬದಿಗೆ ಮಡಚಿ ಅಲ್ಲಿಂದಲೇ ಗಾಳಿ ಸೋರ್ತದೆ. ಗಾಜಿನ ಮೇಲೆ ಪೆಲೆಟ್ ಉರುಳಿಸಿ, ಕುಪ್ಪಳಿಸುವಂಥದ್ದನ್ನು ಬದಿಗಿಡಿ. ಡಬ್ಬಿಯ ಮೇಲೆ ತಲೆಯ ಅಳತೆ 4.49, 4.50, 4.51 ಅಂತ ಬರೆದದ್ದು ಸಿಕ್ಕಿದರೆ ಮೂರನ್ನೂ ಹತ್ತತ್ತು ಹೊಡೆದು ಆರಿಸಿ.

ಮತ್ತೆ ಬ್ಯಾರೆಲ್ ಕೂಡುವಲ್ಲಿನ ರಬ್ಬರ್ ರಿಂಗ್ ನೋಡಿ. ಸಂದಿನ ಮೇಲೆ ಟಿಶ್ಯೂ ಕಾಗದದ ಸಪೂರ ತುಂಡು ಇಟ್ಟು ಹೊಡೀರಿ, ಪೆಲೆಟ್ ಹಾಕಿಯೇ. ಖಾಲಿ ಹೊಡೆದರೆ ಪಿಸ್ಟನ್ ಗುದ್ದಿ ಸೀಲ್ ಹಾಳಾಗ್ತದೆ. ಕಾಗದ ಹಾರಿದರೆ ರಿಂಗ್ ಬದಲಾಯಿಸಿ.

ನಮ್ಮ ಕಡೆಯ ಮಳೆಗಾಲದಲ್ಲಿ ತುಕ್ಕಿನ ಹೆದರಿಕೆಗೆ ಬ್ಯಾರೆಲಿಗೆ ಎಣ್ಣೆ ಸುರಿಯುವವರು ಸುಮಾರು ಜನ. ಅದು ಒಳಗಿಳಿದು ಒತ್ತಡದ ಬಿಸಿಗೆ ಉರಿದರೆ ವೇಗ ಎರ್ರಾಬಿರ್ರಿ. ಹೊಡೆದಾಗ ಹೊಗೆ, ಸುಟ್ಟ ವಾಸನೆ ಬಂದರೆ ಅದೇ ಕಾರಣ. ಎಣ್ಣೆ ಹೊರಮೈಗೆ ಸಾಕು, ಒಳಗೆ ಒಣ ಬಟ್ಟೆ ಎಳೀರಿ. ಪೆಲೆಟಿನ ಮೇಲೆ ಬಿಳಿ ಹುಡಿ ಕೂತಿದ್ದರೆ ಅದು ತೇವಕ್ಕೆ ಸೀಸ ಕೆಟ್ಟದ್ದು, ವಿಷ. ಆ ಡಬ್ಬಿ ಉಪಯೋಗಿಸಬೇಡಿ, ಮುಟ್ಟಿದ ಕೈ ಸಾಬೂನು ಹಾಕಿ ತೊಳೀರಿ.

ಪ್ರಶ್ನೆ (ಸುರತ್ಕಲ್)
ಸ್ಕ್ರೂ ಒಂದು ಸಡಿಲ ಇತ್ತು, ಬಿಗಿ ಮಾಡಿದೆ. ಕಡ್ಡಿಯ ತುದಿ ಹೇಗಿರಬೇಕು?

ಉತ್ತರ (ಮಣಿಪಾಲ)
ಉರುಟು, ನುಣುಪು. ಲಂಗದ ಒಳಗೆ ಕೂತು ಸುತ್ತಲೂ ಸಮ ಒತ್ತಬೇಕು. ಪ್ಲಾಸ್ಟಿಕ್ ಅಥವಾ ಗಟ್ಟಿ ಮರ ಆದೀತು, ಕಬ್ಬಿಣ ಬೇಡ, ಬ್ಯಾರೆಲಿನ ಬಾಯಿ ಗೀರ್ತದೆ. ಕಡ್ಡಿಗೆ ಒಂದು ತಡೆ ಕೂರಿಸಿ, ಪ್ರತಿ ಪೆಲೆಟಿನ ಅಂಚು 1 ಮಿ.ಮೀ. ಒಳಗೆ ಹೋಗಿ ನಿಲ್ಲುವ ಹಾಗೆ. ಹತ್ತು ಹೊಡೆದು ನೋಡಿ, ಆಮೇಲೆ ಬಾಯಿಗೆ ಸಮ ಕೂರಿಸಿ ಹತ್ತು. ಯಾವುದು ಒಳ್ಳೆಯದು ಅಂತ ಆ ಬ್ಯಾರೆಲೇ ಹೇಳಬೇಕು. ಹಾಕುವಾಗ ಇನ್ನೊಂದು ಕೈಯಲ್ಲಿ ಬ್ಯಾರೆಲ್ ಗಟ್ಟಿ ಹಿಡಿದಿರಿ ಮಾರಾಯ್ರೆ. ಟ್ರಿಗರಿನ ಕೊಕ್ಕೆ ಜಾರಿದರೆ ಅದು ರಪ್ಪ ಮುಚ್ಚಿ ಬೆರಳು ಜಜ್ಜಿ ಹೋಗ್ತದೆ.