ಹಾಫ್ ಸ್ಕ್ವೇರ್ ಟ್ರಯಾಂಗಲ್ ಒಂದು ನೂಲು ಚಿಕ್ಕದಾಗ್ತಿದೆ, ಅಂಚೂ ಏಳ್ತಿದೆ

ಸಕಲೇಶಪುರದ ಕೌದಿ
ಎಲ್ಲರಿಗೂ ನಮಸ್ಕಾರ. ತಂಗಿ ಮಗುವಿಗೆ ಕೌದಿ ಹೊಲೀತಿದ್ದೀನಿ. ಎರಡು ಬಣ್ಣದ ತ್ರಿಕೋನ ಸೇರಿ ಒಂದು ಚೌಕ ಆಗೋ ಪೀಸ್ (ಹಾಫ್ ಸ್ಕ್ವೇರ್ ಟ್ರಯಾಂಗಲ್) ಹೊಲಿದ ಮೇಲೆ 3 ಇಂಚು ನಿಲ್ಲಬೇಕು, ಅಂದ್ರೆ ಮಾರ್ಜಿನ್ ಸೇರಿ 3½. ಐದೂವರೆ ಇಂಚಿನ ಎರಡು ಚೌಕ ಒಂದರ ಮೇಲೊಂದಿಟ್ಟು, ನಾಲ್ಕೂ ಕಡೆ ಹೊಲಿದು, ಮೂಲೆಯಿಂದ ಮೂಲೆಗೆ ಎರಡು ಸಲ ಕತ್ತರಿಸ್ತೀನಿ. ಹೆಚ್ಚಿನ ಪೀಸ್ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಚಿಕ್ಕದು. ಇಸ್ತ್ರಿ ಹಾಕಿದ್ರೆ ಅಂಚು ಕರಿದ ಹಪ್ಪಳದ ಹಾಗೆ ಏಳುತ್ತೆ. ಬಟ್ಟೆ ಬ್ಲೌಸ್ ಪೀಸಿನ ತುಂಡು, ಕಾಟನ್ ಲೈನಿಂಗ್. ಎಲ್ಲಿ ತಪ್ತಿದೆ?

ಹಾಸನದ ಕತ್ತರಿ
ಇದು ಎರಡು ಬೇರೆ ಬೇರೆ ತೊಂದರೆ ಅಕ್ಕ. ಚಿಕ್ಕದಾಗೋದು ಮಾರ್ಜಿನ್‌ನಿಂದ. ಐದೂವರೆ ಚೌಕಕ್ಕೆ ಸರಿಯಾಗಿ ಕಾಲಿಂಚು ಹೊಲಿದ್ರೂ 3½ಕ್ಕಿಂತ ಕೂದಲೆಳೆಯಷ್ಟೇ ಜಾಸ್ತಿ ಸಿಗೋದು. ಹೊಲಿಗೆ ಎರಡು ನೂಲಿನ ಬದಲು ಮೂರು ನೂಲಿಗೆ ಹೋದ್ರೆ 3⅜ ಕೂಡ ಮುಟ್ಟಲ್ಲ. ಬಟ್ಟೆ ಒತ್ತಿ ಹಿಡಿಯೋ ಮಷಿನ್ ಫುಟ್‌ನ ಅಂಚೇ ಕಾಲಿಂಚು ಅಂದ್ಕೊಂಡಿರ್ತೀರಿ. ಎಷ್ಟೋ ಮಷಿನ್‌ನಲ್ಲಿ ಹಾಗಿರಲ್ಲ. ಒಂದೂವರೆ ಇಂಚಿನ ಮೂರು ಪಟ್ಟಿ ಉದ್ದಕ್ಕೆ ಜೋಡಿಸಿ ಇಸ್ತ್ರಿ ಮಾಡಿ ನೋಡಿ. ನಡುವಿನದ್ದು ಸರಿಯಾಗಿ 1 ಇಂಚು ಇರ್ಬೇಕು. ಇಲ್ಲಾಂದ್ರೆ ಸೂಜಿಯಿಂದ ಕಾಲಿಂಚು ಅಳೆದು ಪ್ಲೇಟ್ ಮೇಲೆ ಟೇಪ್ ಅಂಟಿಸಿ.

ಅಂಚು ಏಳೋಕೆ ಕಾರಣ ಕ್ರಾಸ್, ಅಂದ್ರೆ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ ಅಂಚು. ನಿಮ್ಮ ವಿಧಾನದಲ್ಲಿ ಪೀಸಿನ ನಾಲ್ಕೂ ಅಂಚು ಕ್ರಾಸ್ ಮೇಲೇ ಬರುತ್ತೆ. ಬ್ಲೌಸಿನ ಕ್ರಾಸ್ ಪಟ್ಟಿ ಎಳೆದ್ರೆ ಎಷ್ಟು ಹಿಗ್ಗುತ್ತೆ ಗೊತ್ತಲ್ಲ. 8 ಇಂಚಿನ ಎರಡು ಚೌಕ ಒಂದರ ಮೇಲೊಂದಿಟ್ಟು ಮಾಡಿ: ಎರಡೂ ಕರ್ಣಕ್ಕೆ ಗೆರೆ ಎಳೆದು, ಪ್ರತಿ ಗೆರೆಯ ಎರಡೂ ಪಕ್ಕ ಕಾಲಿಂಚಿಗೆ ಹೊಲಿಗೆ. ಮೊದಲು ನಡುಮಧ್ಯೆ ಅಡ್ಡ, ಉದ್ದ ಕತ್ತರಿಸಿ, ಆಮೇಲೆ ಗೆರೆ ಮೇಲೆ. ಒಂದೇ ಸಲಕ್ಕೆ ಎಂಟು ಪೀಸ್, ಹೊರ ಅಂಚೆಲ್ಲ ನೇರ ಎಳೆ.

ಕೊಪ್ಪದ ಸೂಜಿದಾರ
ನಾಲ್ಕೂ ಕಡೆ ಹೊಲಿದು ಒಂದೇ ಸಲ ನಾಲ್ಕು ಪೀಸ್ ತೆಗೆಯೋ ವಿಧಾನವನ್ನ ಅಷ್ಟು ಬೈಬೇಡಿ, ನಾನು ಅದರಲ್ಲೇ ಹೊಲಿಯೋದು. ಕತ್ತರಿಸೋಕೆ ಮುಂಚೆ ಬಟ್ಟೆಗೆ ತೆಳ್ಳಗೆ ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ್ರೆ ಕ್ರಾಸ್ ಅಂಚೂ ಮಾತು ಕೇಳುತ್ತೆ. ಇಸ್ತ್ರಿಪೆಟ್ಟಿಗೆ ಉಜ್ಜಬಾರದು, ಒತ್ತಿ, ಎತ್ತಿ, ಪಕ್ಕಕ್ಕೆ ಇಡಬೇಕು. ಹೊಲಿಗೆ ಮಡಚಿದ ಹಾಗೇ ಒಮ್ಮೆ ಒತ್ತಿ, ಆಮೇಲೆ ಬಿಡಿಸಿ ಗಾಢ ಬಣ್ಣದ ಕಡೆಗೆ ತಿರುಗಿಸಿ. ಹಬೆ ಬೇಡವೇ ಬೇಡ.

ಹಾಸನದ ಕತ್ತರಿ
ಗಂಜಿ ಒಳ್ಳೇದೇ. ಆದ್ರೆ ನಿಮ್ಮ ಕಡೆ ಮಳೆಗಾಲದಲ್ಲಿ ಗಂಜಿ ಬಟ್ಟೆ ಒಣಗೋದು ಯಾವಾಗ? ಬೂಷ್ಟು ಹಿಡಿಯುತ್ತೆ. ಆಗ ಸ್ಪ್ರೇ ಸ್ಟಾರ್ಚ್ ವಾಸಿ. ಯಾವುದಾದ್ರೂ ಸರಿ, ಕೌದಿ ಮುಗಿದ ಮೇಲೆ ಒಗೆದುಬಿಡಿ.

ಸಕಲೇಶಪುರದ ಕೌದಿ
ಪಟ್ಟಿ ಹೊಲಿದು ನೋಡಿದೆ. ನಡುವಿನದ್ದು ಬರೀ ಮುಕ್ಕಾಲು ಇಂಚು! ಟೇಪ್ ಅಂಟಿಸಿದ್ದಾಯ್ತು. ಈಗಾಗಲೇ ಹೊಲಿದಿರೋ ರಾಶಿ ಏನ್ಮಾಡ್ಲಿ? ಮತ್ತೆ 8 ಇಂಚಿನ ತುಂಡು ಎಲ್ಲಾ ಬಣ್ಣದಲ್ಲೂ ಸಿಗಲ್ಲ.

ಹಾಸನದ ಕತ್ತರಿ
ಮುಕ್ಕಾಲು ಅಂದ್ರೆ ಮೂರು ನೂಲೇ. ಬಿಚ್ಚಬೇಡಿ, ಕ್ರಾಸ್ ಅಂಚು ಇನ್ನೂ ಹಿಗ್ಗುತ್ತೆ. ಎಲ್ಲವನ್ನೂ 3¼ಕ್ಕೆ ಟ್ರಿಮ್ ಮಾಡಿ. ಸ್ಕೇಲಿನ 45 ಡಿಗ್ರಿ ಗೆರೆ ಹೊಲಿಗೆ ಮೇಲೇ ಕೂರ್ಬೇಕು, ಅಂಚನ್ನ ನಂಬಬೇಡಿ. ಸಾಲಿಗೆ ನಾಲ್ಕರಂತೆ ಹದಿನಾರು ಪೀಸ್ ಜೋಡಿಸಿದ ಬ್ಲಾಕ್ 12ರ ಬದಲು 11 ಇಂಚು ಆಗುತ್ತೆ, ಮಗುವಿಗೆ ಏನೂ ಗೊತ್ತಾಗಲ್ಲ. ಉಳಿದದ್ದಕ್ಕೆ 3¾ ಚೌಕ ಸಾಕು: ಒಂದು ಕರ್ಣ ಎಳೆದು ಎರಡೂ ಪಕ್ಕ ಹೊಲಿದು ಗೆರೆ ಮೇಲೆ ಕತ್ತರಿಸಿ, ಎರಡು ಪೀಸ್. ಟ್ರಿಮ್ ಮಾಡೋಕೆ ಒಂದು ನೂಲು ಮಿಗುತ್ತೆ.